ಅಕ್ಕನ ಸ್ವರಕ್ಕೆ ಹುಡುಕಿದ ಸೆವೆಂತ್

ನಲವತ್ತು ದಾಟಿದ ಮೇಲೆ ನಾನು ಗಿಟಾರ್ ಹಿಡಿದಿದ್ದು ಅಕ್ಕನಿಗಾಗಿ. ಅವಳು ಕೋಣಂದೂರಿನಲ್ಲಿ ಶಾಲಾ ಟೀಚರ್. ಭಾವಗೀತೆ ಹಾಡಲು ಕುಳಿತರೆ ಪಕ್ಕದ ಮನೆಯವರು ಟಿವಿಯ ಸದ್ದು ಕಡಿಮೆ ಮಾಡುತ್ತಿದ್ದರು. "ನೀನು ನುಡ್ಸೋದು ಕಲಿಯೇ, ನಾನು ಹಾಡ್ತೀನಿ" ಎಂದು ಎಷ್ಟೋ ಸಲ ಹೇಳಿದ್ದಳು.

ಸಾಗರದಲ್ಲಿ ನಾನು ಕೆಲಸ ಮಾಡುವ ಲ್ಯಾಬಿನ ಹಿಂದಿನ ಬೀದಿಯಲ್ಲಿ, ಚರ್ಚಿನಲ್ಲಿ ಗಿಟಾರ್ ನುಡಿಸುವ ಹುಡುಗಿಯೊಬ್ಬಳು ಪಾಠ ಹೇಳುತ್ತಿದ್ದಳು. ಅವಳ ಹತ್ತಿರ ಸೇರಿದೆ. ಕೆಲವು ಸ್ವರಗಳನ್ನು ಒಟ್ಟಿಗೆ ಮೀಟುವುದಕ್ಕೆ ಕಾರ್ಡ್ ಅನ್ನುತ್ತಾರೆ; ಅಕ್ಕನ ಶ್ರುತಿಗೆ ಬೇಕಾದ ಇ ಸೆವೆಂತ್ ಎಂಬ ಕಾರ್ಡಿಗೆ ಎರಡೇ ಬೆರಳು ಸಾಕಿತ್ತು. ಚರಣ ಮುಗಿದು ಪಲ್ಲವಿಗೆ ಮರಳುವ ಮುನ್ನ ಅದನ್ನು ಮೀಟಬೇಕು. ಹಾಡು ಇನ್ನೇನು ಮನೆ ಸೇರುತ್ತದೆ ಅನ್ನಿಸಬೇಕು. ಅಷ್ಟು ಕೈಗೆ ಹತ್ತುವ ಹೊತ್ತಿಗೆ ಅಕ್ಕನಿಗೆ ಥೈರಾಯ್ಡ್ ಆಪರೇಷನ್ ಆಯಿತು. ಗಂಟು ಹೋಯಿತು. ಸ್ವರವೂ ಇಳಿದುಹೋಯಿತು.

ಪಾಠ ಹೇಳುವ ಹುಡುಗಿಗೆ ವಿಷಯ ತಿಳಿಸಿದೆ. "ತಂತಿಗೆ ಕ್ಲಿಪ್ ಹಾಕಿ ಶ್ರುತಿ ಬದಲಿಸ್ಬೋದು ಮೇಡಂ. ಆದ್ರೆ ಅವರ ಸ್ವರ ದಿನಕ್ಕೊಂದು ಕಡೆ ನಿಲ್ಲತ್ತೆ ಅಂತೀರಲ್ಲ, ಮೇಲೆ ಕೆಳಗೆ ಸರಿಸೋಕೆ ಬರೋ ಹಿಡಿತನೇ ಕಲೀರಿ" ಎಂದಳು.

ಅದೇ ಸೆವೆಂತನ್ನು ಬೇರೆ ಬೇರೆ ರೀತಿಯಲ್ಲಿ ಹಿಡಿಯುವುದನ್ನು ತೋರಿಸಿದಳು. ತೋರುಬೆರಳನ್ನು ಎಲ್ಲ ತಂತಿಗಳ ಮೇಲೆ ಅಡ್ಡ ಮಲಗಿಸುವುದು ನನ್ನಿಂದಾಗಲಿಲ್ಲ. ಗಿಟಾರಿನ ಹಿಂದಿನಿಂದ ಒತ್ತಿ ಹಿಡಿದ ಎಡ ಹೆಬ್ಬೆರಳು, ಮರುದಿನ ಲ್ಯಾಬಿನಲ್ಲಿ ಜನರ ಕೈ ಹಿಡಿದು ರಕ್ತ ತೆಗೆಯುವಾಗ ನೋಯುತ್ತಿತ್ತು. ನಡುವಿನ ನಾಲ್ಕು ತಂತಿಗಳನ್ನಷ್ಟೇ ಒತ್ತುವ ಇನ್ನೊಂದು ರೀತಿ ನಿಧಾನವಾಗಿ ಒಲಿಯಿತು.

ಒಂದು ಭಾನುವಾರ ಗಿಟಾರ್ ಹೊತ್ತು ಕೋಣಂದೂರಿಗೆ ಹೋದೆ. ಅಕ್ಕ ಮೆಲ್ಲಗೆ ಹಾಡು ಎತ್ತಿಕೊಂಡಳು. ಅವಳ ಸ್ವರ ಸಿಗುವವರೆಗೆ ಕೈ ಸರಿಸಿದೆ. ಪಲ್ಲವಿ ಚೆನ್ನಾಗಿಯೇ ಬಂತು. ಚರಣದಲ್ಲಿ ಮೇಲೇರುವ ಕಡೆ ಅವಳ ಬಾಯಿ ತೆರೆದಿತ್ತು, ಸದ್ದಿರಲಿಲ್ಲ.

"ಬರೀ ಗಾಳಿ ಬರ್ತಿದೆ ಕಣೇ."

"ಇನ್ನೂ ಸ್ವಲ್ಪ ಇಳಿಸ್ಲಾ?"

"ಎಷ್ಟು ಅಂತ ಇಳಿಸ್ತೀಯ ಮಾರಾಯ್ತಿ? ಹಾಡೇ ನೆಲಕ್ಕೆ ಬರತ್ತೆ" ಎಂದು ನಕ್ಕಳು. ನಕ್ಕವಳು ನೀರು ಕುಡಿಯಲು ಒಳಗೆ ಹೋಗಿ, ಬಹಳ ಹೊತ್ತು ಬರಲಿಲ್ಲ.

ಆಮೇಲೆ ಅವಳು ಯಾರ ಮುಂದೆಯೂ ಹಾಡಿಲ್ಲ. ದೀಪಾವಳಿಗೆ ಸೇರಿದ ನೆಂಟರು ಒತ್ತಾಯ ಮಾಡಿದರೆ, "ಈಗ ಇವಳು ನುಡಿಸ್ತಾಳೆ, ಕೇಳಿ" ಎಂದು ನನ್ನನ್ನು ಮುಂದೆ ಮಾಡುತ್ತಾಳೆ. ನಾನು ನುಡಿಸುತ್ತೇನೆ, ಅವಳು ಬೀನ್ಸ್ ಬಿಡಿಸುತ್ತಾ ಕೇಳುತ್ತಾಳೆ. ಒಂದೆರಡು ವರ್ಷ ಮೊದಲೇ ಶುರು ಮಾಡಬಾರದಿತ್ತೇ ಎಂದು ಕೈ ಸೆವೆಂತಿಗೆ ಸರಿಯುವಾಗೆಲ್ಲ ಅನ್ನಿಸುತ್ತದೆ. ಅಕ್ಕ ಮಾತ್ರ ಅದನ್ನು ಒಮ್ಮೆಯೂ ಅಂದಿಲ್ಲ.