ಎರಡು ಜಡೆಯ ಮಂತ್ರಗಾತಿ

ಹೋದ ತಿಂಗಳು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಾಗ ಎರಡು ಹನಿ ಕೆಳಗೆ ಹಾಸಿದ್ದ ಪೇಪರಿನ ಮೇಲೆ ಬಿದ್ದವು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಯಂತ್ರ ಬಿಟ್ಟು ಎದ್ದೆ. ಎಣ್ಣೆ ಕುಡಿದ ಕಾಗದದ ವಾಸನೆ ಎಂದರೆ ನನಗೆ ಪಕ್ಕದ ಮನೆಯ ಅಕ್ಕ...

ಎಂಬತ್ತರ ದಶಕ. ಹೊಸೂರಿನಿಂದ ತಳಿ ಎಂಬ ಊರಿಗೆ ಹೋಗುವ ರಸ್ತೆಯಲ್ಲಿ ನಮ್ಮೂರು. ಅಕ್ಕನ ಅಪ್ಪ ಹೊಸೂರಿನ ಒಂದು ಫ್ಯಾಕ್ಟರಿಯ ಸ್ಟೋರಿನಲ್ಲಿದ್ದರು. ಜಪಾನಿನಿಂದ ಬರುವ, ಎಣ್ಣೆ ಸವರಿದ ಯಂತ್ರದ ಬಿಡಿಭಾಗಗಳನ್ನು ಅಲ್ಲಿನ ಹಳೆಯ ಚಿತ್ರಕಥೆ ಪುಸ್ತಕಗಳ ಹಾಳೆಗಳಲ್ಲಿ ಸುತ್ತಿರುತ್ತಿದ್ದರಂತೆ. ಬಿಸಾಡುವ ಆ ಹಾಳೆಗಳನ್ನು ಅವರು ಮಗಳಿಗೆ ತಂದುಕೊಡುತ್ತಿದ್ದರು. ಅಕ್ಕ ಚಾಪೆಯಡಿ ಇಟ್ಟು ಸುಕ್ಕು ಬಿಡಿಸುತ್ತಿದ್ದಳು. ಪ್ರತಿ ಹಾಳೆಯಲ್ಲೂ ಅದೇ ಹುಡುಗಿ. ಎರಡು ಜಡೆ, ಅಗಲ ಕಣ್ಣು, ಕೈಯಲ್ಲೊಂದು ಕೋಲು. ಜಪಾನಿಯ ಒಂದಕ್ಷರ ಗೊತ್ತಿಲ್ಲದಿದ್ದರೂ ಹದಿನಾರರ ಅಕ್ಕ ಕಂತು ಕಂತಾಗಿ ಕಥೆ ಕಟ್ಟಿ ಹೇಳುತ್ತಿದ್ದಳು. ಆ ಹುಡುಗಿ ಮಂತ್ರಗಾತಿಯಂತೆ, ಆದರೆ ಅವಳಿಗೆ ಮಂತ್ರವೇ ಬೇಡವಂತೆ.

"ಮುಖ ನೋಡೇ ಅವ್ಳುದು. ನಂಗ್ಯಾಕಪ್ಪಾ ಈ ಪೀಡೆ, ನನ್ ಪಾಡಿಗೆ ನನ್ನ ಬುಟ್ಬುಡಿ ಅಂತವ್ಳೆ," ಎಂದು ನಗುತ್ತಿದ್ದಳು.

ನನಗಾಗ ಎಂಟು ವರ್ಷ. ಅಮ್ಮ ಹಾಸಿಗೆ ಹಿಡಿದಿದ್ದಳು. ಜ್ವರ, ಕೆಮ್ಮು... ಗಂಜಿಯೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಆಗಲೇ ಬಂದದ್ದು ಆ ಹಾಳೆ. ಒಂದೇ ಸಾಲಿನಲ್ಲಿ ಮೂರು ಚಿತ್ರ. ಮೊದಲನೆಯದರಲ್ಲಿ ಮಲಗಿದ ತಾಯಿ, ಪಕ್ಕದಲ್ಲಿ ಕೋಲು ಹಿಡಿದು ತಲೆ ತಗ್ಗಿಸಿದ ಹುಡುಗಿ. ಎರಡನೆಯದರಲ್ಲಿ ತಾಯಿ ಕೂತಿದ್ದಾಳೆ. ಮೂರನೆಯದರಲ್ಲಿ ಬಾಗಿಲಲ್ಲಿ ನಿಂತು ನಗುತ್ತಿದ್ದಾಳೆ. ನಾನು ಅಕ್ಕನ ಲಂಗ ಹಿಡಿದುಬಿಟ್ಟೆ. ನೀನೂ ಹೀಗೇ ಮಾಡು, ನಮ್ಮಮ್ಮನನ್ನು ಏಳಿಸು.

"ಅಯ್ಯೋ ಹುಚ್ಚೀ, ನಂಗೇನ್ ಬತ್ತದೆ? ಇದು ಬರೀ ಪಟ ಕಣೆ," ಎಂದಳು. ನಾನು ಬಿಟ್ಟೇನೆಯೇ? ಎರಡು ದಿನ ಊಟ ಬಿಟ್ಟು ಅತ್ತೆ. ಮೂರನೆಯ ಬೆಳಿಗ್ಗೆ ಅವಳು ಹಿಪ್ಪುನೇರಳೆ ಕಡ್ಡಿಯೊಂದನ್ನು ಹಿಡಿದು, ನಾಚಿಕೊಳ್ಳುತ್ತಲೇ ಅಮ್ಮನ ಮೇಲೆ ಮೂರು ಸಲ ಆಡಿಸಿದಳು. ಅಮ್ಮನಿಗೆ ನಗು ಬಂತು. ನಾನು ಅಳದಿರಲಿ ಎಂದೋ ಏನೋ, ಗೋಡೆ ಹಿಡಿದು ಎದ್ದು ಕೂತಳು.

ನಾನು ರಸ್ತೆಗೆ ಓಡಿದೆ. ಅಮ್ಮನಿಗೆ ಬಸ್ಸಿನಲ್ಲಿ ಕೂರುವ ಶಕ್ತಿ ಇರಲಿಲ್ಲ. ಅವಳನ್ನು ಹೊಸೂರಿನ ಆಸ್ಪತ್ರೆಗೆ ಒಯ್ಯಲು ಅಪ್ಪ ತರಕಾರಿ ಜೀಪಿನವನಿಗೆ ಹೇಳಿಟ್ಟು, ಅಜ್ಜಿಯನ್ನು ಕರೆತರಲು ಪಕ್ಕದೂರಿಗೆ ಹೋಗಿದ್ದ. ಜೀಪು ಬಂದು ನಿಂತಿತು.

"ಅಮ್ಮಂಗೆ ವಾಸಿಯಾಯ್ತು, ನೀನ್ ಹೋಗಣ್ಣ," ಎಂದೆ.

ಅವನು ಹೊರಟುಹೋದ. ಆ ದಿನಕ್ಕೆ ಇದ್ದದ್ದು ಅದೊಂದೇ ಜೀಪು. ಮರುದಿನ ಬೆಳಕು ಹರಿಯುವಷ್ಟರಲ್ಲಿ ಅಮ್ಮ ಇರಲಿಲ್ಲ.

"ಜೀಪ್ ವಾಪಸ್ ಕಳ್ಸು ಅಂತ ಯಾರೇ ಹೇಳಿದ್ದು ನಿಂಗೆ?" ಅಪ್ಪ ನನ್ನ ರಟ್ಟೆ ಹಿಡಿದು ಅಲುಗಾಡಿಸಿದ. ನಾನು ಬೆರಳು ತೋರಿಸಿದೆ.

"ಅಕ್ಕ ಹೇಳಿದ್ಲು."

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ನನ್ನನ್ನೇ ನೋಡಿದಳು. ಇಲ್ಲ ಎನ್ನಲಿಲ್ಲ. ಎಂಥ ಪಾಪಿ ನಾನು... ಊರ ಹೆಂಗಸರು ಅವಳ ಮುಖಕ್ಕೇ ಮಾಟಗಾತಿ ಎಂದರು. ಮಕ್ಕಳನ್ನು ಅವಳ ಹತ್ತಿರ ಸುಳಿಯಗೊಡಲಿಲ್ಲ. ಎರಡು ತಿಂಗಳಲ್ಲಿ ಆ ಮನೆಯವರು ಕೃಷ್ಣಗಿರಿಗೆ ಹೋದರು. ಹೊರಡುವಾಗ ಅಕ್ಕ ಆ ಹಾಳೆಯನ್ನು ನನ್ನ ಕೈಗಿಟ್ಟು, "ಅಳ್ಬೇಡ ಕಣೆ," ಎಂದಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ಹೋದ ತಿಂಗಳು ಅದೇ ಹಾಳೆಯನ್ನು ಟ್ರಂಕಿನಿಂದ ತೆಗೆದೆ. ಇಂಥ ಪುಸ್ತಕಗಳ ಹುಚ್ಚಿರುವ ನನ್ನ ಮಗಳು ಬಗ್ಗಿ ನೋಡಿ, "ಅಮ್ಮಾ, ಇದು ಜಪಾನಿಂದು, ಬಲಗಡೆಯಿಂದ ಓದ್ಬೇಕು," ಎಂದಳು. ಬಲಗಡೆಯಿಂದ ನೋಡಿದೆ. ತಾಯಿ ಬಾಗಿಲಲ್ಲಿ ನಗುತ್ತಾಳೆ. ಕುಸಿದು ಕೂರುತ್ತಾಳೆ. ಮಲಗುತ್ತಾಳೆ. ಕೋಲು ಹಿಡಿದ ಹುಡುಗಿಯ ಕೈಲಿ ಏನೂ ಆಗಲಿಲ್ಲ.

ಅದಾದ ವಾರಕ್ಕೆ ಅವರಿವರನ್ನು ಕೇಳಿಕೊಂಡು ಕೃಷ್ಣಗಿರಿಗೆ ಹೋದೆ. ಅಕ್ಕನ ತಮ್ಮ ಬಾಗಿಲು ತೆರೆದ. ಅಕ್ಕ ತೀರಿಹೋಗಿ ಮೂರು ವರ್ಷವಾಯಿತಂತೆ. ಮಾಟಗಾತಿ ಎಂಬ ಹೆಸರು ಇಲ್ಲಿಗೂ ಬಂದಿತ್ತು, ನೋಡಲು ಬಂದ ಗಂಡುಗಳೆಲ್ಲ ಹಾಗೇ ತಿರುಗಿ ಹೋದವಂತೆ. ಜೀಪು ಕಳಿಸಿದವಳು ನಾನೇ, ಅಕ್ಕ ಹೇಳಿರಲಿಲ್ಲ, ಎಂದೆ.

"ಗೊತ್ತು," ಎಂದ. "ಎಂಟು ವರ್ಷದ್ ಕೂಸು, ಅದೆಂಗ್ ತಡ್ಕೋತದೆ, ನಾನೇ ತಡ್ಕೋತೀನಿ ಅಂತಿದ್ಲು. ಕೊನೇಗಂಟ ಯಾರ್ಗೂ ಹೇಳ್ಬೇಡ ಅಂತ ನನ್ ಬಾಯೂ ಕಟ್ಟಿದ್ಲು."

ಅವನು ಬಾಗಿಲು ಹಾಕಿಕೊಂಡ. ಹಾಳೆಯನ್ನು ಅಲ್ಲಿ ಬಿಟ್ಟುಬರೋಣ ಎಂದು ಒಯ್ದಿದ್ದೆ. ತೆಗೆದುಕೊಳ್ಳಲು ಯಾರೂ ಇರಲಿಲ್ಲ.