ವೇದಿಕೆ ಹತ್ತದ ಪದ್ಮಾವತಿ ಮೇಡಂ

“‘ಅಳೆಯಲಾಯಿತು’ ಅಂದ್ರ? ಅಳದಾವ್ರಿಗಿ ಕೈ ಇರಲಿಲ್ಲೇನ? ‘ನಾ ಅಳದೆ’ ಅಂತ ಹೇಳ, ತಂಗಿ.”

ಪದ್ಮಾವತಿ ಮೇಡಂ ಮೇಜು ಗುದ್ದಿ ಹೀಗೆಂದರೆ, ಚಿಕ್ಕೋಡಿಯ ಅವರ ನಡುಮನೆಯಲ್ಲಿ ಸಮ್ಮೇಳನದ ಭಾಷಣ ಒಪ್ಪಿಸುತ್ತಿದ್ದ ಶಿಷ್ಯರು ನಾವು ಮೊದಲಿನಿಂದ ಶುರುಮಾಡಬೇಕಿತ್ತು.

ಅವರು ಶಿರಗುಪ್ಪಿಯ ಜೈನರ ಮನೆಮಗಳು. ಕಾಲೇಜಿನಲ್ಲಿ ನಮಗೆ ಭೂವಿಜ್ಞಾನ ಕಲಿಸಿದವರು. ಅದಕ್ಕೂ ಮೊದಲು ಸಂಶೋಧಕಿಯಾಗಿ ಅಂಟಾರ್ಟಿಕಾದಲ್ಲಿ ಒಂದು ಬೇಸಿಗೆ ಕಳೆದಿದ್ದರು. ಹೆಪ್ಪುಗಟ್ಟಿದ ಸರೋವರ ಕೊರೆದು, ತಳದ ಕೆಸರು ತೆಗೆದು, ಹಿಂದಿನ ಕಾಲದ ಹವಾಮಾನ ತಿಳಿಯುವುದು ಅವರ ಕೆಲಸ. “ಅಲ್ಲಿ ಬ್ಯಾಸಗ್ಯಾಗ ಹೊತ್ತ ಮುಳಗೂದ ಇಲ್ಲ. ಹೊತ್ತ ಮುಳಗೂದ್ರಾಗ ಉಣ್ಣೂ ಜೈನರಿಗಿ ಭಾಳ ಚಲೋ ಊರ ನೋಡ!” ಎಂದು ನಗುತ್ತಿದ್ದರು.

ನಗು ಅಲ್ಲಿಗೇ ನಿಲ್ಲುತ್ತಿತ್ತು. ಆ ಕೆಲಸದ ಬಗ್ಗೆ ಮಾತಾಡಲು ಹೊರದೇಶದ ಧ್ರುವವಿಜ್ಞಾನ ಸಮ್ಮೇಳನದಿಂದ ಕರೆ ಬಂದಾಗ, ಅವರ ಗೈಡ್ “ಹೆಣ್ಣುಮಗಳು ಒಬ್ಬಳೇ ಅಷ್ಟು ದೂರ ಬೇಡ” ಎಂದು ತಾವೇ ಹೋದರು. ತಮ್ಮದೇ ಕೆಲಸವೆಂಬಂತೆ ಹೇಳಿ ಚಪ್ಪಾಳೆ ಗಿಟ್ಟಿಸಿಕೊಂಡು ಬಂದರು. “ಹಿಮದಾಗ ಕಳಸೂ ಮುಂದ ನಾ ಹೆಣ್ಮಗಳಂತ ಅವ್ರಿಗಿ ನೆನಪಾಗಲಿಲ್ಲ. ಸ್ಟೇಜಿಗಿ ಕಳಸೂ ಮುಂದ ನೆನಪಾತು.” ಮೇಡಂ ಸಂಶೋಧನೆ ಬಿಟ್ಟು ಊರ ಕಡೆ ಬಂದುಬಿಟ್ಟರು.

ಆಮೇಲೆ ಈ ಕಡೆಯಿಂದ ಧ್ರುವವಿಜ್ಞಾನ ಹಿಡಿದ ಪ್ರತಿಯೊಬ್ಬರ ಬೆನ್ನಿಗೂ ಅವರೇ. ನನ್ನ ಊರು ತೆಲಸಂಗ. ನನ್ನ ಮೊದಲ ಸಮ್ಮೇಳನಕ್ಕೆ ನಾನಿದ್ದ ಸಂಶೋಧನಾ ಸಂಸ್ಥೆ ನನ್ನ ಬದಲು ಹಿರಿಯರೊಬ್ಬರನ್ನು ಕಳಿಸಲು ಹೊರಟಾಗ, ಮೇಡಂ ಬಸ್ಸು ಹಿಡಿದು ಬಂದು ನಿರ್ದೇಶಕರ ಕೋಣೆಯ ಮುಂದೆ ಕುಳಿತರು. “ಕೆಲಸ ಮಾಡಿದಾಕಿ ಹೋಗಬೇಕ್ರಿ. ಇಲ್ಲಂದ್ರ ನಾ ಇಲ್ಲಿಂದ ಏಳಂಗಿಲ್ಲ.” ಸಂಜೆಯ ಹೊತ್ತಿಗೆ ನಿರ್ದೇಶಕರು ಸೋತರು.

ಸಮ್ಮೇಳನದಲ್ಲಿ ನನ್ನ ಮಾತು ಮುಗಿದ ಮೇಲೆ ಮುದುಕರೊಬ್ಬರು ಬಂದು ಬೆನ್ನು ತಟ್ಟಿದರು. “ನೀನು ಹೇಳಿದ ಆ ಸರೋವರದ ಕೆಸರನ್ನು ಮೊದಲು ತೆಗೆದವನೇ ನಾನು,” ಎಂದರು. ಮೇಡಂ ಅವರ ಅದೇ ಗೈಡ್! ನಾನು ಮೇಡಂ ಹೆಸರು ಹೇಳಿದೆ. ಅವರು ಹಣೆ ಉಜ್ಜಿಕೊಂಡು, “ಪದ್ಮಾವತಿ? ಹಾಂ, ನಮ್ಮಲ್ಲಿ ಸಹಾಯಕಿ ಇದ್ದಳೇನೋ,” ಎಂದರು. ಊರಿಗೆ ಬಂದು ಹೇಳಿದೆ. ಮೇಡಂ ಶೇಂಗಾ ಆರಿಸುತ್ತಿದ್ದವರು ತಲೆ ಎತ್ತದೆ, “ನೀ ನಿನ್ನ ಮಾತ ಚಲೋ ಹೇಳಿದಿ ಹೌದಿಲ್ಲೋ?” ಎಂದಷ್ಟೇ ಕೇಳಿದರು.

ಕೆಲವು ವರ್ಷಗಳಾದ ಮೇಲೆ ಆ ಗೈಡ್ ತೀರಿಕೊಂಡರು. ಕಿರಿಯ ವಿಜ್ಞಾನಿಗಳನ್ನು ಧ್ರುವ ಸಮ್ಮೇಳನಗಳಿಗೆ ಕಳಿಸಲು ನಮ್ಮ ಸಂಸ್ಥೆ ಪ್ರವಾಸ ನೆರವು ಶುರುಮಾಡಿ, ಅದಕ್ಕೆ ಅವರ ಹೆಸರಿಟ್ಟಿತು. ‘ಕಿರಿಯರ ಪೋಷಕ’ ಎಂಬ ಬಿರುದು ಬೇರೆ. ಆಯ್ಕೆ ಸಮಿತಿಗೆ ನನ್ನನ್ನೂ ಕರೆದರು.

ಮೇಡಂ ಆಗ ಹಾಸಿಗೆ ಹಿಡಿದಿದ್ದರು. “ಆ ಮನಷ್ಯಾನ ಹೆಸರಿನ ಸಮಿತ್ಯಾಗ ನಾ ಕುಂಡ್ರಂಗಿಲ್ರಿ,” ಎಂದೆ. ಅವರು ಗೋಡೆಯ ಕಡೆ ಹೊರಳಿದರು.

“ಕುಂಡ್ರು. ನೀ ಬಿಟ್ರ ಅಲ್ಲಿ ಅಂಥಾವ್ರ ಬಂದ ಕುಂಡ್ರತಾರ. ಹುಡುಗೂರ ಹೋಗ್ಲಿ, ಹೆಸರ ಯಾರದರೆ ಇರಲಿ.” ಆಮೇಲೆ ನನ್ನ ಕಡೆ ತಿರುಗಿದರು. “ಸುಳ್ಳ ಹೇಳಾಕತ್ತೀನಿ, ತಂಗಿ. ಬ್ಯಾರೆ ಯಾರದರೆ ಹೆಸರ ಇಡಬೇಕಿತ್ತು.”

ಅದೇ ಕೊನೆಯ ಭೇಟಿ.

ನಾನು ಸಮಿತಿಯಲ್ಲಿ ಕುಳಿತೆ. ಮೊದಲ ಸಲವೇ ಬೋರಗಾಂವದ ಹುಡುಗಿಯೊಬ್ಬಳು ಆಯ್ಕೆಯಾದಳು. ಖುಷಿಗೆ ಫೋನಿನಲ್ಲಿ ಅಳುತ್ತಲೇ ಕೇಳಿದಳು: “ಆ ಸರ್ ಭಾಳ ದೊಡ್ಡ ಮನಸಿನಾವ್ರ ಇದ್ರ ಅನಸ್ತೈತಿ, ಹೌದಲ್ರಿ ಮೇಡಂ?”

“ಮೊದಲ ಹೋಗಿ ಬಾ,” ಎಂದೆ. “ಬಂದ ಮ್ಯಾಲ ಹೇಳ್ತೀನಿ.”

ಪದ್ಮಾವತಿ ಮೇಡಂ ಹೋಗಿ ಆಗಿನ್ನೂ ತಿಂಗಳಾಗಿರಲಿಲ್ಲ.