ಬಿಳಿ ಗೆರೆ ಕಾಣದೆ ಗಾಡಿ ಇಳಿಸುವುದಿಲ್ಲ, ಮಾಸ್ತರೇ

ಇಲ್ಲ... ನಂಬಲಿಕ್ಕೇ ಆಗ್ತಾ ಇಲ್ಲ.

ಬೆಳಿಗ್ಗೆ ಶಿರಸಿಯಲ್ಲಿ ನನ್ನ ಗ್ಯಾರೇಜಿನ ಶೆಡ್ಡಿಗೆ ಬಂದು, ಅರ್ಧ ಲೋಟ ಚಾ ಕುಡಿದು, "ಸಕ್ರೆ ಎಂತಕ್ಕೆ ಇಷ್ಟು ಹಾಕ್ತೆ ಇಮ್ತಿಯಾಜ್" ಅಂತ ಬೈದ ಮನುಷ್ಯ...
ಮಧ್ಯಾಹ್ನಕ್ಕೆ ಇಲ್ಲ.

ನಮ್ಮ ಕ್ಯಾಂಪಿಂಗ್ ಗ್ರೂಪಿನ ಶ್ರೀಪಾದ ಮಾಸ್ತರು ಹೋಗಿಬಿಟ್ಟರು.
ಯಲ್ಲಾಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದವರು...
ನಿಮಗೆಲ್ಲ ಆ ಹಸಿರು ವ್ಯಾಗನ್ನಿನ ಮಾಸ್ತರು.
ಶೆಡ್ಡಿನಲ್ಲೇ ಹಾರ್ಟ್ ಅಟ್ಯಾಕ್.
ಆಸ್ಪತ್ರೆಗೆ ಮುಟ್ಟಿಸಿದೆವು... ನಮ್ಮ ಕೈಯಲ್ಲಿ ಆಗಿದ್ದು ಅಷ್ಟೇ.

ಈಗ ಎಲ್ಲಿ ಕೂತು ಬರೀತಾ ಇದ್ದೇನೆ ಗೊತ್ತಾ?
ವಜ್ರಳ್ಳಿ ದಾಟಿ, ಅವರ ಮನೆ ದಾರಿಯ ಹಳ್ಳದ ದಡದಲ್ಲಿ.
ಅವರದೇ ಗಾಡಿಯ ಸ್ಟೇರಿಂಗ್ ಮುಂದೆ.
ಹಿಂದೆ ಮಾಸ್ತರು ಮಲಗಿದ್ದಾರೆ.

ಇಲ್ಲಿ ಒಳ್ಳೇ ಬಿಸಿಲು. ಮೇಲೆ ಯಾವ ಗುಡ್ಡದಲ್ಲಿ ಸುರಿಯಿತೋ... ಹಳ್ಳ ಕೆಂಪಗೆ ತುಂಬಿ ಹರೀತಾ ಇದೆ.
ಆಂಬುಲೆನ್ಸಿನವನು ನೀರು ನೋಡಿ ಈಚೆ ದಡದಲ್ಲೇ ಇಳಿಸಿ ಹೋದ. ಅವನ ತಪ್ಪಿಲ್ಲ.
ನಾನು ಶೆಡ್ಡಿನಲ್ಲಿದ್ದ ವ್ಯಾಗನ್ ತಗೊಂಡು ಹಿಂದೆಯೇ ಬಂದಿದ್ದೆ. ಇದರಲ್ಲಿ ಮಲಗಿಸಿದೆವು.

ಆಚೆ ದಡದಲ್ಲಿ ಅಕ್ಕ ನಿಂತಿದ್ದಾರೆ. ಮಾಸ್ತರ ಹೆಂಡತಿ.
ಇಲ್ಲಿಂದ ಅವರ ಸೀರೆ ಬಣ್ಣವೂ ಕಾಣ್ತದೆ... ನೀರಿನ ಸದ್ದಿಗೆ ಮಾತು ಮಾತ್ರ ಕೇಳೂದಿಲ್ಲ.

ನನ್ನ ಕಿಟಕಿ ಪಕ್ಕದಲ್ಲಿ ಅಕ್ಕನ ತಮ್ಮ ಗಣಪಣ್ಣ. ಆಗಿನಿಂದ ಒಂದೇ ಮಾತು.
"ಎಂತ ಮಾರಾಯ, ಗಾಡಿ ಇಷ್ಟು ಎತ್ತರ ಮಾಡ್ಸಿದ್ದು ಎಂತಕ್ಕೆ? ಇವತ್ತು ಇಳಿಯದ ಗಾಡಿ ಇನ್ಯಾವಾಗ ಇಳೀತು? ಕತ್ತಲಾದ್ರೆ ಮುಂದಿನ ಕೆಲಸ ಹ್ಯಾಂಗೆ?"

ಅವರ ಸಂಕಟ ಸುಳ್ಳಲ್ಲ. ಹೊತ್ತು ಇಳೀತಾ ಇದೆ.
ಆದರೆ ಹಳ್ಳದಲ್ಲಿ ಒಂದು ಕಂಬ ಇದೆ. ಕೊಚ್ಚಿ ಹೋದ ಹಳೇ ಕಾಲುಸೇತುವೆಯದ್ದು.
ಅದರ ಮೇಲೆ ಮಾಸ್ತರೇ ಎಳೆದ ಬಿಳಿ ಪೇಂಟಿನ ಗೆರೆ.
ಗೆರೆ ಮುಳುಗಿದ್ದರೆ ಗಾಡಿ ಇಳಿಸಬಾರದು. ಅವರ ರೂಲ್ಸು ಅದೊಂದೇ.

ಈಗ ಗೆರೆ ಕಾಣ್ತಾ ಇಲ್ಲ.

ಮಾಸ್ತರೇ...
ನಿಮ್ಮ ಜೊತೆ ಸ್ವಲ್ಪ ಜಗಳ ಇದೆ.

ಸ್ಪ್ರಿಂಗ್ ಬದಲಿಸಿ ಗಾಡಿ ಎತ್ತರಿಸಿದ್ದು ನಾನು. ದೊಡ್ಡ ಟೈರ್ ಹಾಕಿದ್ದು ನಾನು. ಕಲ್ಲು ತಾಗದ ಹಾಗೆ ಇಂಜಿನ್ ಅಡಿಗೆ ದಪ್ಪ ತಗಡು ಬಡಿದದ್ದೂ ನಾನು.
"ಇನ್ನು ಗೆರೆ ಮೇಲೆ ಮಾಡಿ ಮಾಸ್ತರೇ, ನಾಲ್ಕೂ ಚಕ್ರ ಎಳೆಯುವ ಗಾಡಿ ಇದು" ಅಂದಿದ್ದೆ.
ನೀವು ನಕ್ಕಿರಿ.
"ಗಾಡಿ ಎತ್ತರ ಆತು. ಹಳ್ಳದ ಸೆಳೆತ ಕಡಿಮೆ ಆತನಾ?"

ಇಂಜಿನ್ನಿಗೆ ಗಾಳಿ ಎಳೆಯುವ ಪೈಪನ್ನು ಟಾಪಿನ ತನಕ ಏರಿಸಿ ಕೊಡ್ತೇನೆ ಅಂದರೂ ಬೇಡ ಅಂದಿರಿ.
"ಅದನ್ನು ಹಾಕಿದ್ರೆ ಧೈರ್ಯ ಬರ್ತು, ಬುದ್ಧಿ ಬರ್ತಿಲ್ಲೆ."
ಎಷ್ಟು ಸಿಟ್ಟು ಬಂದಿತ್ತು ನನಗೆ ಆವತ್ತು! ಕೈಯಲ್ಲಿ ಕುಂಚ ಹಿಡಿದವರು ನನಗೆ ಗಾಡಿ ಪಾಠ ಹೇಳೂದಾ ಅಂತ.

ಇವತ್ತು ಗಣಪಣ್ಣ ಹೇಳ್ತಾ ಇರೂದು ಆವತ್ತಿನ ನನ್ನ ಮಾತೇ... ನಿಮ್ಮ ಮಾತು ಹೇಳಲಿಕ್ಕೆ ನಾನೊಬ್ಬನೇ ಉಳಿದಿದ್ದೇನೆ.
ಒಮ್ಮೆ ಕೀ ತಿರುಗಿಸಿಯೂ ಬಿಟ್ಟೆ. ಮುಂದಿನ ಚಕ್ರ ನೀರಿಗೆ ಮುಟ್ಟಿತ್ತು. ಬಾನೆಟ್ಟಿನ ಮುಂದೆ ಒಂದು ದೊಡ್ಡ ಮರದ ತುಂಡು ಹಗುರಕ್ಕೆ ತೇಲಿ ಹೋಯ್ತು. ರಿವರ್ಸ್ ಹಾಕಿದೆ.
ದಡಕ್ಕೆ ತಂದು ಹ್ಯಾಂಡ್‌ಬ್ರೇಕ್ ಎಳೆದೆ.

ಆಗಲೇ ಅಕ್ಕನ ಫೋನ್ ಬಂತು.
ನಾನು ಕ್ಷಮಿಸಿ ಅಕ್ಕಾ ಅನ್ನುವ ಮೊದಲೇ ಅವರು ಕೇಳಿದರು.
"ಗೆರೆ ಕಾಣ್ತನಾ ಇಮ್ತಿಯಾಜ್?"
ಇಲ್ಲ ಅಕ್ಕಾ.
"ಹಂಗಾದ್ರೆ ಗಡಿಬಿಡಿ ಮಾಡಡ. ಅವ್ರೇ ಎಳೆದ ಗೆರೆ ಅಲ್ದಾ... ಆನು ಇಲ್ಲೇ ಕಾಯ್ತೆ."
ಫೋನ್ ಗಣಪಣ್ಣನಿಗೆ ಕೊಟ್ಟೆ. ಅಕ್ಕ ಏನು ಹೇಳಿದರೋ... ಗಣಪಣ್ಣ ಈಗ ಕಲ್ಲಿನ ಮೇಲೆ ಕೂತು ಅಳ್ತಾ ಇದ್ದಾರೆ.

ಗೆಳೆಯರೇ, ಸಿದ್ದಾಪುರದಿಂದ ಹೊರಟವರು ದಯವಿಟ್ಟು ವಜ್ರಳ್ಳಿಯಲ್ಲೇ ಗಾಡಿ ನಿಲ್ಲಿಸಿ.
ಮಾಸ್ತರ ಮೇಲಿನ ಪ್ರೀತಿಗೆ ಅಂತ ಯಾರೂ ನೀರಿಗೆ ಇಳಿಯಬೇಡಿ. ವಿಡಿಯೋ ಅಂತೂ ಬೇಡವೇ ಬೇಡ.

ಇವತ್ತು ಅವರು ಶೆಡ್ಡಿಗೆ ಬಂದದ್ದು ಯಾಕೆ ಅಂತ ಹೇಳಲೇ ಇಲ್ಲ ಅಲ್ವಾ...
ಗಾಡಿಯೊಳಗೆ ಪ್ಲೈವುಡ್ ಮಂಚ ಕೂರಿಸಲಿಕ್ಕೆ.
ಅವರೊಬ್ಬರೇ ಆದರೆ ನೆಲದ ಮೇಲೆ ಟೆಂಟಿನಲ್ಲಿ ಮಲಗುವವರು. ಅಕ್ಕನಿಗೆ ಸೊಂಟನೋವು, ನೆಲ ಆಗೂದಿಲ್ಲ. ಅದಕ್ಕೇ ಇಷ್ಟು ವರ್ಷ ಒಂದು ಟ್ರಿಪ್ಪಿಗೂ ಬಂದವರಲ್ಲ.
ಈ ಸಲ ಮಾಗೋಡು ಫಾಲ್ಸಿಗೆ ಬರ್ತೇನೆ ಅಂದಿದ್ದರಂತೆ. ಮಾಸ್ತರ ಮುಖ ನೋಡಬೇಕಿತ್ತು ನೀವು.
ಮಂಚದ ಮೇಲೆ ಮಲಗಿ, ಕಾಲು ಚಾಚಿ, ಪಕ್ಕದ ಖಾಲಿ ಜಾಗ ಕೈಯಿಂದ ತಟ್ಟಿ ನೋಡಿದರು.
"ಸಾಕು ಮಾರಾಯ... ಇಬ್ರಿಗೆ ಸಾಕು."

ಈಗ ಅದೇ ಮಂಚದ ಮೇಲಿದ್ದಾರೆ. ಪಕ್ಕದ ಜಾಗ ಹಾಗೇ ಇದೆ.

...

ಗಣಪಣ್ಣ ಎದ್ದು ನಿಂತು ಕಂಬ ತೋರಿಸ್ತಾ ಇದ್ದಾರೆ.
ನೀರು ಇಳಿದಿದೆ.
ಬಿಳೀದು ಕಾಣ್ತಾ ಇದೆ... ಮೊದಲು ಒಂದು ಎಳೆ... ಈಗ ಪೂರ್ತಿ ಗೆರೆ.
ಆಚೆ ದಡದಲ್ಲಿ ಅಕ್ಕನೂ ಕೈ ಎತ್ತಿದರು.

ಫಸ್ಟ್ ಗೇರ್. ನಡುವೆ ನಿಲ್ಲಿಸೂದಿಲ್ಲ, ಗೇರ್ ಬದಲಿಸೂದಿಲ್ಲ. ನೀವು ಹೇಳಿದ ಹಾಗೆಯೇ.

ನಿಮ್ಮ ದೇವರು, ನನ್ನ ದೇವರು ಇಬ್ಬರೂ ಸೇರಿ ನಿಮ್ಮ ಆತ್ಮಕ್ಕೆ ನೆಮ್ಮದಿ ಕೊಡಲಿ ಮಾಸ್ತರೇ.
ಬನ್ನಿ, ಮನೆಗೆ ಹೋಗುವ. ಅಕ್ಕ ಕಾಯ್ತಾ ಇದ್ದಾರೆ.